ಬೀಗದ ಕೈ ಯಾರ ಕೈಯಲ್ಲಿ?

ಹಿತ್ತಲಲ್ಲಿ ಸ್ವಂತ ಬಾವಿ ತೋಡಿಸಿಕೊಳ್ಳುವುದು ಲೇಸೋ, ಊರಿಗೆಲ್ಲ ಬರುವ ನಲ್ಲಿಯ ನೀರನ್ನು ನೆಚ್ಚುವುದು ಲೇಸೋ ಎಂಬ ಚರ್ಚೆ ನಮ್ಮ ಪಟ್ಟಣಗಳಲ್ಲಿ ಒಂದು ಕಾಲಕ್ಕೆ ನಡೆದದ್ದುಂಟು. ಬಾವಿಯಿದ್ದವನಿಗೆ ಹಗ್ಗ, ರಾಟೆ, ಹೂಳು ತೆಗೆಸುವ ಚಿಂತೆ. ನಲ್ಲಿಯಿದ್ದವನಿಗೆ ನೀರು ಬಿಡುವವನ ಕೃಪೆಯ ಚಿಂತೆ. ಅದೇ ಚರ್ಚೆ ಇಂದು ಕಚೇರಿಗಳಲ್ಲಿಯೂ ಶಾಲೆಗಳಲ್ಲಿಯೂ ಬೇರೊಂದು ವೇಷದಲ್ಲಿ ಕಾಣಿಸಿಕೊಂಡಿದೆ.

ನೌಕರರ ಕೈಯಲ್ಲಿ, ವಿದ್ಯಾರ್ಥಿಗಳ ಕೈಯಲ್ಲಿ ಇರುವ ನೂರಾರು ಫೋನು, ಕಂಪ್ಯೂಟರುಗಳನ್ನು ದೂರದಿಂದಲೇ ನೋಡಿಕೊಳ್ಳುವ ತಂತ್ರಾಂಶಗಳು ಈಗ ಉಂಟು. ಯಾವ ಆ್ಯಪ್ ಇರಬೇಕು, ಯಾವುದು ಇರಕೂಡದು, ಪಾಸ್‌ವರ್ಡ್ ಎಷ್ಟು ಉದ್ದವಿರಬೇಕು ಎಂಬುದನ್ನೆಲ್ಲ ಅವು ವಿಧಿಸುತ್ತವೆ. ಫೋನು ಕಳುವಾದರೆ ಅದರೊಳಗಿನದನ್ನೆಲ್ಲ ಒಂದೇ ಆಜ್ಞೆಯಿಂದ ಅಳಿಸಿಹಾಕುತ್ತವೆ. ಈ ಆಜ್ಞೆ ಹೊರಡುವ ಯಂತ್ರ, ಅಂದರೆ ಸರ್ವರ್, ನಮ್ಮ ಕಟ್ಟಡದಲ್ಲಿಯೇ ಇರಬೇಕೆ, ಅಥವಾ ತಂತ್ರಾಂಶ ಒದಗಿಸುವ ಕಂಪನಿಯೇ ನಡೆಸುವ ‘ಕ್ಲೌಡ್’ನಲ್ಲಿ ಇರಬೇಕೆ? ಬೆಲೆಪಟ್ಟಿಯನ್ನು ನೋಡಿ ಇದಕ್ಕೆ ಉತ್ತರ ಹೇಳುವವರೇ ಹೆಚ್ಚು. ಇತಿಹಾಸವನ್ನು ನೋಡಿದರೆ ಪ್ರಶ್ನೆಯ ಸ್ವರೂಪವೇ ಬೇರೆಯೆಂದು ತೋರುತ್ತದೆ.

ಬಾಡಿಗೆಯ ಗಣಕದ ಕಲ್ಪನೆ ನಿನ್ನೆ ಮೊನ್ನೆಯದಲ್ಲ. 1961ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ಶತಮಾನೋತ್ಸವದ ಸಂದರ್ಭದಲ್ಲಿ ಉಪನ್ಯಾಸ ಮಾಡಿದ ಜಾನ್ ಮೆಕಾರ್ಥಿ, ಟೆಲಿಫೋನಿನಂತೆಯೇ ಗಣಕವೂ ಮುಂದೊಂದು ದಿನ ಸಾರ್ವಜನಿಕ ಸೌಕರ್ಯವಾಗಬಹುದೆಂದು ಸೂಚಿಸಿದರು. ಅದೇ ವರ್ಷ ಅದೇ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು, ಒಂದು ಯಂತ್ರವನ್ನು ಹಲವರು ಏಕಕಾಲದಲ್ಲಿ ಬಳಸುವ ಏರ್ಪಾಟನ್ನು ಮಾಡಿ ತೋರಿಸಿದರು. ಆಗ ಗಣಕವೆಂದರೆ ಕೋಣೆ ತುಂಬುವ ಯಂತ್ರ. ಬೆಲೆಯೂ ಅದಕ್ಕೆ ತಕ್ಕಂತೆ. ಹಂಚಿಕೊಳ್ಳದೆ ಗತ್ಯಂತರವಿರಲಿಲ್ಲ.

1981ರಲ್ಲಿ ಐಬಿಎಂ ಕಂಪನಿಯ ಪಿ.ಸಿ. ಮಾರುಕಟ್ಟೆಗೆ ಬಂದ ಮೇಲೆ ಗಾಳಿ ತಿರುಗಿತು. ಗಣಕ ಮೇಜಿನ ಮೇಲಕ್ಕೆ ಬಂತು. ಪ್ರತಿಯೊಬ್ಬನಿಗೂ ಅವನದೇ ಬಾವಿ ಸಿಕ್ಕಿತೆನ್ನಬಹುದು. ಆದರೆ ಸಾವಿರ ಮೇಜುಗಳ ಸಾವಿರ ಯಂತ್ರಗಳನ್ನು ಸುಸ್ಥಿತಿಯಲ್ಲಿ ಇಡುವವರು ಯಾರು? ಒಂದೊಂದರ ಮುಂದೆಯೂ ಕುಳಿತು ರಿಪೇರಿ ಮಾಡುವುದು ಸಾಧ್ಯವೆ? ಈ ಕಷ್ಟದಿಂದಲೇ ನಿರ್ವಹಣೆಯ ತಂತ್ರಾಂಶಗಳು ಹುಟ್ಟಿದವು. ಮೈಕ್ರೋಸಾಫ್ಟ್ 1994ರಲ್ಲಿ ‘ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್’ ಎಂಬುದನ್ನು ಹೊರತಂದಿತು. ಅದು ಕಚೇರಿಯ ಒಳಗೇ ಕುಳಿತು ಕಚೇರಿಯ ಯಂತ್ರಗಳನ್ನು ಆಳುವ ಯಜಮಾನ.

ಆದರೆ ಯಂತ್ರವೇ ಜೇಬಿಗಿಳಿದು ಊರೂರು ಸುತ್ತತೊಡಗಿದಾಗ ಯಜಮಾನಿಕೆ ಸುಲಭವಾಗಿ ಉಳಿಯಲಿಲ್ಲ. 1999ರಲ್ಲಿ ಕೆನಡಾದ ‘ರಿಸರ್ಚ್ ಇನ್ ಮೋಷನ್’ ಕಂಪನಿ ಬ್ಲ್ಯಾಕ್‌ಬೆರಿಯನ್ನು ತಂದಿತು. ಅದರ ಸರ್ವರನ್ನು ಗಿರಾಕಿ ಕಂಪನಿ ತನ್ನ ಕಟ್ಟಡದಲ್ಲಿಯೇ ಇಟ್ಟುಕೊಳ್ಳುತ್ತಿತ್ತು. ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಬೀಗದ ಕೈಯೂ ಅಲ್ಲಿಯೇ. ಇದರ ಮಹತ್ವ ನಮ್ಮ ದೇಶಕ್ಕೆ ಅರಿವಾದದ್ದು 2010ರಲ್ಲಿ. ಭದ್ರತೆಯ ದೃಷ್ಟಿಯಿಂದ ಆ ಸಂದೇಶಗಳನ್ನು ನೋಡುವ ಅವಕಾಶ ಬೇಕೆಂದು ಭಾರತ ಸರ್ಕಾರ ಪಟ್ಟುಹಿಡಿಯಿತು. ಕೊಡದಿದ್ದರೆ ಸೇವೆಯನ್ನೇ ನಿಲ್ಲಿಸುವುದಾಗಿ ಎಚ್ಚರಿಸಿತು. ಕಂಪನಿಯ ಉತ್ತರ: ಕಚೇರಿ ಗಿರಾಕಿಗಳ ಬೀಗದ ಕೈ ಗಿರಾಕಿಗಳ ಬಳಿಯೇ ಇದೆ, ಎಲ್ಲ ಬೀಗಕ್ಕೂ ಆಗುವ ಒಂದು ಕೈ ನಮ್ಮಲ್ಲಿ ಇಲ್ಲ. ಸರ್ವರ್ ಎಲ್ಲಿದೆ ಎಂಬುದು ಬರೀ ಜಾಗದ ಮಾತಲ್ಲ, ಅಧಿಕಾರದ ಮಾತು ಎಂಬುದು ಆ ವಿವಾದದಲ್ಲಿ ಬಯಲಾಯಿತು.

ಅಷ್ಟರಲ್ಲಿ ಮೆಕಾರ್ಥಿಯವರ ಹಳೆಯ ಕನಸು ಮರಳಿ ಬಂದಿತ್ತು. 2006ರಲ್ಲಿ ಅಮೆಜಾನ್ ತನ್ನ ಗಣಕಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡತೊಡಗಿತು. 2007ರಲ್ಲಿ ಐಫೋನ್ ಬಂತು; 2010ರಲ್ಲಿ ಅದನ್ನು ದೂರದಿಂದ ನಿರ್ವಹಿಸುವ ವಿಧಾನವನ್ನು ಆ್ಯಪಲ್ ಒದಗಿಸಿತು. 2011ರಲ್ಲಿ ಮೈಕ್ರೋಸಾಫ್ಟ್ ‘ಇನ್‌ಟ್ಯೂನ್’ ಎಂಬ ಸೇವೆಯನ್ನು ಕ್ಲೌಡ್‌ನಲ್ಲಿಯೇ ಆರಂಭಿಸಿತು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಆ್ಯಪಲ್ ಮಾಡಿದ ಏರ್ಪಾಟಿನಲ್ಲಿ, ಸರ್ವರ್ ನಮ್ಮ ಕಟ್ಟಡದಲ್ಲಿಯೇ ಇದ್ದರೂ, ಫೋನನ್ನು ಎಚ್ಚರಿಸುವ ಕರೆ ಆ್ಯಪಲ್ ಕಂಪನಿಯ ಸರ್ವರುಗಳ ಮೂಲಕವೇ ಹೋಗಬೇಕು. ಬಾವಿ ನಮ್ಮದಾದರೂ ಅದಕ್ಕೆ ಹೋಗುವ ದಾರಿ ಪರರ ಹಿತ್ತಲಿನದು. ಪೂರ್ಣ ಸ್ವಾವಲಂಬನೆ ಅಂದಿಗೇ ಮುಗಿದಿತ್ತೆನ್ನಬೇಕು.

ಹಾಗಿದ್ದರೂ ಎರಡು ಪಕ್ಷಗಳೂ ತಮ್ಮ ವಾದವನ್ನು ಬಿಟ್ಟಿಲ್ಲ. ಸರ್ವರ್ ನಮ್ಮಲ್ಲಿದ್ದರೆ ಮಾಹಿತಿ ಮನೆ ಬಿಟ್ಟು ಹೋಗದು ಎಂದು ಒಬ್ಬರು. ಕ್ಲೌಡ್ ಆದರೆ ಯಂತ್ರ ಕೊಳ್ಳುವ, ಕಾಯುವ, ದೋಷ ತಿದ್ದುವ ಹೊರೆ ಇಲ್ಲ ಎಂದು ಇನ್ನೊಬ್ಬರು. ಎರಡೂ ನಿಜ. ಆದರೆ ಈಚಿನ ಎರಡು ಘಟನೆಗಳು ಇಬ್ಬರ ನೆಮ್ಮದಿಯನ್ನೂ ಕದಡಿವೆ.

ಮೊದಲನೆಯದು ನಾರ್ವೆ ದೇಶದ್ದು. ತನ್ನ 12 ಸಚಿವಾಲಯಗಳು ಬಳಸುತ್ತಿದ್ದ ವ್ಯವಸ್ಥೆಯೊಂದಕ್ಕೆ ಕನ್ನ ಬಿದ್ದಿದೆಯೆಂದು ಅಲ್ಲಿನ ಸರ್ಕಾರ 2023ರ ಜುಲೈ 24ರಂದು ಪ್ರಕಟಿಸಿತು. ಕನ್ನಗಳ್ಳರು ಹೊಕ್ಕ ಬಾಗಿಲು ಯಾವುದು? ಫೋನುಗಳನ್ನು ಕಾಯಲೆಂದೇ ಇಟ್ಟುಕೊಂಡಿದ್ದ, ಇವಾಂಟಿ ಕಂಪನಿಯ ನಿರ್ವಹಣಾ ತಂತ್ರಾಂಶ. ಗುರುತು ಕೇಳದೆಯೇ ಒಳಬಿಡುವ ದೋಷವೊಂದು ಅದರಲ್ಲಿ ಅಡಗಿತ್ತು. ಕನಿಷ್ಠ ಏಪ್ರಿಲ್ ತಿಂಗಳಿಂದಲೇ ಕಳ್ಳರು ಅದನ್ನು ಬಳಸಿಕೊಂಡಿದ್ದರೆಂದು ನಾರ್ವೆ ಮತ್ತು ಅಮೆರಿಕದ ಭದ್ರತಾ ಸಂಸ್ಥೆಗಳು ಬಳಿಕ ತಿಳಿಸಿದವು. ಇದು ಗಿರಾಕಿಗಳು ತಮ್ಮ ಸರ್ವರಿನಲ್ಲಿ ನಡೆಸಿಕೊಳ್ಳುವ ತಂತ್ರಾಂಶ. ಅದೇ ಕಂಪನಿಯ ಕ್ಲೌಡ್ ಸೇವೆಗೆ ಈ ದೋಷ ತಟ್ಟಿರಲಿಲ್ಲ. ಬೀಗದ ಕೈ ಮನೆಯಲ್ಲಿಯೇ ಭದ್ರವಾಗಿತ್ತು, ಸರಿ. ಆದರೆ ಬೀಗವೇ ಸಡಿಲವಾಗಿತ್ತು.

ಎರಡನೆಯದು ಸಿಂಗಪುರದ್ದು. ಅಲ್ಲಿನ ಶಾಲಾ ಮಕ್ಕಳ ಐಪ್ಯಾಡ್ ಮತ್ತು ಕ್ರೋಮ್‌ಬುಕ್‌ಗಳನ್ನು ‘ಮೊಬೈಲ್ ಗಾರ್ಡಿಯನ್’ ಎಂಬ ಹೊರಗಿನ ಕಂಪನಿಯ ಸೇವೆ ನೋಡಿಕೊಳ್ಳುತ್ತಿತ್ತು. 2024ರ ಆಗಸ್ಟ್ 4ರಂದು ಆ ಕಂಪನಿಯ ವ್ಯವಸ್ಥೆಗೆ ಯಾರೋ ನುಗ್ಗಿದರು. 26 ಪ್ರೌಢಶಾಲೆಗಳ ಸುಮಾರು 13,000 ವಿದ್ಯಾರ್ಥಿಗಳ ಸಾಧನಗಳಲ್ಲಿದ್ದುದೆಲ್ಲ ದೂರದಿಂದಲೇ ಅಳಿಸಿಹೋಯಿತು. ಕಳುವಾದ ಸಾಧನದ ಗುಟ್ಟು ಕಾಪಾಡಲೆಂದು ಇಟ್ಟಿದ್ದ ಶಕ್ತಿಯೇ ಮಕ್ಕಳು ವರ್ಷವಿಡೀ ಬರೆದ ಟಿಪ್ಪಣಿಗಳನ್ನು ನುಂಗಿತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಶಿಕ್ಷಣ ಸಚಿವಾಲಯ ಆ ಆ್ಯಪನ್ನು ಎಲ್ಲ ಸಾಧನಗಳಿಂದಲೂ ತೆಗೆಸಿತು. ತೆಗೆಸಿದ ಮಾತ್ರಕ್ಕೆ ಪ್ರತಿಯಿಲ್ಲದ ಟಿಪ್ಪಣಿ ಮರಳಿ ಬರುವುದೆ? ಪರೀಕ್ಷೆಗೆ ಓದುವ ಹುಡುಗನೊಬ್ಬನ ಟಿಪ್ಪಣಿಯ ಬೆಲೆ ಯಾವ ಕಂಪನಿಯ ಬೆಲೆಪಟ್ಟಿಯಲ್ಲಿಯೂ ಇರುವುದಿಲ್ಲ.

ಒಂದು ಕಡೆ ಸ್ವಂತ ಮನೆ, ಇನ್ನೊಂದು ಕಡೆ ಬಾಡಿಗೆ ಮನೆ; ಕನ್ನ ಎರಡಕ್ಕೂ ಬಿತ್ತು. ಆದುದರಿಂದ ಇವೆರಡೂ ಒಂದೇ ಎಂದಲ್ಲ. ಸ್ವಂತ ಸರ್ವರಿನಲ್ಲಿ, ದೋಷ ಗೊತ್ತಾದ ದಿನವೇ ಅದನ್ನು ತಿದ್ದುವ ಕೆಲಸ ನಮ್ಮದು. ರಾತ್ರಿಯಾದರೂ ಎದ್ದು ತಿದ್ದುವ ಬಲ್ಲವರು ಸಂಬಳಕ್ಕಿರಬೇಕು. ಅಂಥವರಿಲ್ಲದ ಸಣ್ಣ ಕಚೇರಿ ಸ್ವಂತ ಸರ್ವರ್ ಇಟ್ಟುಕೊಳ್ಳುವುದು, ಕಾವಲುಗಾರನಿಲ್ಲದ ತಿಜೋರಿಯನ್ನು ಮನೆಯಲ್ಲಿ ಇಟ್ಟುಕೊಂಡಂತೆ. ಕ್ಲೌಡ್‌ನಲ್ಲಿ ತಿದ್ದುವ ಕೆಲಸ ಅವರದು, ಒಂದು ಕಡೆ ತಿದ್ದಿದರೆ ಎಲ್ಲರಿಗೂ ತಿದ್ದಿದಂತೆ. ಆದರೆ ಅಲ್ಲಿ ಒಂದು ಬಾಗಿಲು ಮುರಿದರೆ ಸಾವಿರ ಮನೆಗಳ ಬಾಗಿಲೂ ಮುರಿದಂತೆಯೇ.

ಆಯ್ಕೆ ಯಾವುದಾದರೂ ಇರಲಿ, ಒಪ್ಪಂದಕ್ಕೆ ರುಜು ಹಾಕುವ ಮುನ್ನ ಕೇಳಬೇಕಾದ ಮಾತುಗಳು ಇವು: ಎಲ್ಲವನ್ನೂ ಅಳಿಸುವ ಆಜ್ಞೆಯನ್ನು ಕೊಡಬಲ್ಲವರು ಯಾರು? ಒಬ್ಬನೇ ಕೊಡಬಹುದೆ, ಇಬ್ಬರ ಒಪ್ಪಿಗೆ ಬೇಕೆ? ಒಂದೇ ಗಳಿಗೆಯಲ್ಲಿ ಸಾವಿರ ಸಾಧನಗಳು ಅಳಿಯತೊಡಗಿದರೆ ತಡೆಯುವ ಕೈ ಯಾವುದು? ಅಳಿದುಹೋದದ್ದರ ಪ್ರತಿ, ಆ ಬೀಗದ ಕೈಗೆ ಸಿಕ್ಕದ ಬೇರೆ ಜಾಗದಲ್ಲಿ ಇದೆಯೆ? ನಮ್ಮ ಹಿರಿಯರು ಊರಿಗೆ ನಲ್ಲಿ ಬಂದ ಮೇಲೂ ಮನೆಯಲ್ಲಿ ಒಂದು ಹಂಡೆ ನೀರನ್ನು ತುಂಬಿಸಿಟ್ಟಿರುತ್ತಿದ್ದರು. ಬಾವಿಯವರಿಗೂ ನಲ್ಲಿಯವರಿಗೂ ಆ ಹಂಡೆ ಬೇಕೇ ಬೇಕು.