ಬೆಂಗಳೂರಿನ ಕೆಮ್ಮಣ್ಣೂ ರಂಜಕವೂ

ವೈಟ್‌ಫೀಲ್ಡ್ ಎಂದೊಡನೆ ಈಗ ಗಣಕಯಂತ್ರದ ಕಾರ್ಯಾಲಯಗಳೇ ನೆನಪಿಗೆ ಬರುವುವಾದರೂ ಆ ಊರು ಹುಟ್ಟಿದುದು ಬೇಸಾಯಕ್ಕಾಗಿ. 1882ರಲ್ಲಿ ಚಾಮರಾಜೇಂದ್ರ ಒಡೆಯರವರು ಯುರೇಷ್ಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3900 ಎಕರೆ ಭೂಮಿಯನ್ನಿತ್ತುದರಿಂದ ಅದು ನೆಲೆಗೊಂಡಿತು. ಈ ಸೀಮೆಯ ಧಾನ್ಯ ಗೋದಿಯಲ್ಲ, ರಾಗಿ, ನೆಲ ಕೆಮ್ಮಣ್ಣು. ಅದರಲ್ಲಿರುವ ಕಬ್ಬಿಣದ ಅಂಶವು ರಂಜಕವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಹಾಕಿದ ರಂಜಕದ ಬಹುಭಾಗವು ಬೇರಿಗೆ ಸುಲಭವಾಗಿ ದೊರೆಯದು.

ಹದಿನೇಳು ವರ್ಷಗಳ ಬಳಿಕ, 1899ರಲ್ಲಿ, ರಾಜಪ್ರತಿನಿಧಿಗಳಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ನಗರದ ಇನ್ನೊಂದು ಅಂಚಿನ ಹೆಬ್ಬಾಳದಲ್ಲಿ 30 ಎಕರೆಯನ್ನು ಕೊಟ್ಟು, ಡಾಕ್ಟರ್ ಲೇಮನ್ನರನ್ನು ನೇಮಿಸಿ, ಮಣ್ಣು ಬೆಳೆಗಳ ಪರೀಕ್ಷೆಯನ್ನು ಆರಂಭಿಸಿದರು. ಗೊಬ್ಬರದ ವಿಚಾರವೇ ಇಲ್ಲಿ ಅಂದು ಹುಟ್ಟಿತೆಂದರೆ ಮಾತ್ರ ನಾನು ಒಪ್ಪಲಾರೆ. ಮಾಘದಲ್ಲಿ ಗೊಬ್ಬರದ ರಾಶಿಯನ್ನು ಅಗೆದು ಒಣಗಿಸಿ, ಫಾಲ್ಗುನದಲ್ಲಿ ಹೊಲದ ಗುಂಡಿಗಳಲ್ಲಿ ತುಂಬಿ, ಬಿತ್ತನೆಯ ಕಾಲಕ್ಕೆ ಹರಡಬೇಕೆಂಬ ವಿಧಿ ಕೃಷಿಪರಾಶರದಲ್ಲಿದೆ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಭಾಗವೇ ಮೀಸಲಾಗಿದೆ.

ನಮ್ಮ ರೈತನು ರಾಗಿಹುಲ್ಲನ್ನು ಉತ್ತು ಮುಚ್ಚಿದವನಲ್ಲ. ಎತ್ತಿಗೆ ತಿನ್ನಿಸಿ ಸಗಣಿಯನ್ನು ತಿಪ್ಪೆಗೆ ಸೇರಿಸಿದನು. ಹುಲ್ಲು ಹೀರಿದ ರಂಜಕವು ಹೀಗೆ ಹೊಲಕ್ಕೆ ಮರಳುತ್ತಿತ್ತು. ಕೊಳೆತ ಗೊಬ್ಬರದ ಆಮ್ಲಗಳು ಕೆಮ್ಮಣ್ಣಿನ ಹಿಡಿತವನ್ನೂ ಕೊಂಚ ಸಡಿಲಿಸುತ್ತಿದ್ದುವು. ಆದರೆ ರಂಜಕದ ಹೆಚ್ಚಿನ ಪಾಲು ಇರುವುದು ಹುಲ್ಲಿನಲ್ಲಲ್ಲ, ಕಾಳಿನಲ್ಲಿ. ಪೇಟೆಗೆ ಹೋದ ಆ ಪಾಲನ್ನು ಯಾವ ತಿಪ್ಪೆಯೂ ಹಿಂದಕ್ಕೆ ತರಲಾರದು. ಶಾಸ್ತ್ರವು ಹೇಳದೆ ಬಿಟ್ಟಿದ್ದ, ರಸಾಯನಜ್ಞನು ತುಂಬಬೇಕಾಗಿದ್ದ ಎಡೆ ಇದೊಂದೇ.