ಹೊರಗಿನ ಫಲಕ, ಒಳಗಿನ ಕನ್ನಡ

ನನ್ನ ತವರು ಭಾಲ್ಕಿ, ಕೊಟ್ಟ ಮನೆ ಔರಾದ. ಆದರೆ ಸಿನೆಮಾದ ಹುಚ್ಚು ಹತ್ತಿಸಿದ್ದು ಬೀದರ ಪಟ್ಟಣ. ಅವ್ವನ ಕೈಹಿಡಿದು ಭಾಲ್ಕಿಯಿಂದ ರೈಲು ಹತ್ತಿ ಹೋಗುತ್ತಿದ್ದೆ.

1948ರವರೆಗೆ ನಮ್ಮ ಭಾಗ ನಿಜಾಮನ ಆಳ್ವಿಕೆಯಲ್ಲಿತ್ತು. ಶಾಲೆ, ಕಚೇರಿ ಎಲ್ಲ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ನಮ್ಮಲ್ಲಿ ಮಕ್ಕಳಿಗೂ ಗೊತ್ತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೂ ಸಂತೆಯಲ್ಲಿ ಮರಾಠಿ, ಉರ್ದು, ತೆಲುಗು ಕೂಡಿಯೇ ಇದ್ದವು. ಹಿಂದಿ ಚಿತ್ರ ಎಲ್ಲರಿಗೂ ತಿಳಿಯುತ್ತಿತ್ತು. ಕನ್ನಡ ಚಿತ್ರ ಬಂದರೆ ಅದರಲ್ಲಿದ್ದದ್ದು ಬೆಂಗಳೂರು, ಮೈಸೂರಿನ ಕನ್ನಡ. ಅವ್ವ ನಡುನಡುವೆ ಅರ್ಥ ಕೇಳುತ್ತಿದ್ದಳು.

1971ರ ‘ಶರಪಂಜರ’ ನಮ್ಮಲ್ಲಿಗೆ ತಡವಾಗಿ ಬಂತು. ಬಾಣಂತನದ ಮೇಲೆ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಬಂದ ಕಾವೇರಿಯನ್ನು ಮನೆಯವರೂ ನೆರೆಯವರೂ ಹುಚ್ಚಿಯೆಂದೇ ನೋಡುತ್ತಾರೆ. ಆ ನೋಟವೇ ಅವಳನ್ನು ಮತ್ತೆ ಕೆಡಿಸುತ್ತದೆ. ಅಂದು ಅವ್ವ ಅರ್ಥ ಕೇಳಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಂಥ ಬಾಣಂತಿಯೊಬ್ಬಳು ನಮ್ಮ ಓಣಿಯಲ್ಲೇ ಇದ್ದಳೆಂದು ದಾರಿಯಲ್ಲಿ ಹೇಳಿದಳು.

ಈ ಚಿತ್ರಗಳ ಬೇರು ಹೆಂಗಸರ ಬರವಣಿಗೆಯಲ್ಲಿತ್ತು. 1967ರ ‘ಬೆಳ್ಳಿಮೋಡ’, ‘ಶರಪಂಜರ’ ಎರಡೂ ತ್ರಿವೇಣಿಯವರ ಕಾದಂಬರಿಗಳು. 1963ರಲ್ಲೇ ತೀರಿಕೊಂಡ ಅವರು ಎರಡನ್ನೂ ತೆರೆಯ ಮೇಲೆ ನೋಡಲಿಲ್ಲ. ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. ಅವರದೇ ‘ಫಣಿಯಮ್ಮ’ನನ್ನು ಪ್ರೇಮಾ ಕಾರಂತರು ಚಿತ್ರ ಮಾಡಿದರು. ‘ಬಂಧನ’ದ ಕತೆ ಉಷಾ ನವರತ್ನರಾಂ ಅವರದು. ಭಾಷೆ ನಮ್ಮ ಊರಿನದಲ್ಲದಿದ್ದರೂ ಅಲ್ಲಿನ ಸಂಕಟ ನಮ್ಮದೇ ಆಗಿತ್ತು.

ಮುಂದೆ ಮನೆಯ ಕತೆಗಳು ಟೀವಿ ಧಾರಾವಾಹಿಗೆ ಹೋದವು. ಹೆಂಗಸರೂ ಅವುಗಳ ಹಿಂದೆ ಮನೆಯಲ್ಲೇ ಉಳಿದೆವು. 2018ರಲ್ಲಿ ‘ಕೆ.ಜಿ.ಎಫ್.’ ಐದು ಭಾಷೆಗಳಲ್ಲಿ ತೆರೆಕಂಡು ದೇಶವೆಲ್ಲ ಕನ್ನಡ ಚಿತ್ರದತ್ತ ನೋಡಿದಾಗ ನನಗೂ ಹೆಮ್ಮೆಯಾಯಿತು. ಆದರೆ ಕೋಟಿಗಟ್ಟಲೆ ಸುರಿದ ಮೇಲೆ ಚಿತ್ರ ಎಲ್ಲ ಊರಿಗೂ ಸಲ್ಲಬೇಕು. ಬಂದೂಕಿಗೆ ಭಾಷಾಂತರ ಬೇಡ. ಅತ್ತೆಯ ಒಂದು ಚುಚ್ಚುಮಾತಿಗೆ ಬೇಕು. ಹಾಗಾಗಿ ಬಂದೂಕು ಉಳಿಯಿತು, ಮಾತು ಹೋಯಿತು.

ಈಚೆಗೆ ಅಂಥದೊಂದು ದೊಡ್ಡ ಚಿತ್ರಕ್ಕೆ ಅವ್ವನನ್ನು ಬೀದರಿಗೆ ಕರೆದೊಯ್ದೆ. ಹೊರಗೆ ಬಂದು ಕೇಳಿದಳು: “ಮೂರು ತಾಸಿನಾಗ ಒಂದು ಅಡಗಿಮನಿ ಕಾಣ್ಲಿಲ್ಲಲ್ಲ ಬಾಯಿ. ಈ ಮಂದಿ ಎಲ್ಲಿ ಉಣ್ತಾರ?”

ನಾನು ನಕ್ಕೆ, ಆದರೆ ಉತ್ತರ ಹೊಳೆಯಲಿಲ್ಲ. ಪಟ್ಟದ್ದೇವರ ಶಾಲೆಯಲ್ಲಿ ಫಲಕ ಪರರದಾಗಿದ್ದರೂ ಒಳಗೆ ನಾವಿದ್ದೆವು. ಇಲ್ಲಿ ಫಲಕ ನಮ್ಮದು, ಒಳಗೆ ನಾವಿಲ್ಲ.

ರಾತ್ರಿ ಮೊಬೈಲಿನಲ್ಲಿ ‘ಶರಪಂಜರ’ ಹಚ್ಚಿಕೊಟ್ಟೆ. ಕಣ್ಣು ಮಂಜಾಗಿದ್ದರೂ ಅವ್ವ ಕೊನೆಯವರೆಗೂ ಕೂತಳು. ಆ ಓಣಿಯ ಬಾಣಂತಿಯ ಹೆಸರು ಹಿಡಿದು ಮತ್ತೆ ಹೇಳಿದಳು.