ಹೊಗೆ ಮತ್ತು ಹಂಡೆ: ಬಾಂದ್ರಾದಿಂದ ಒಂದು ಸೊಳ್ಳೆ ಚರಿತ್ರೆ

ಕನ್ನಡದಲ್ಲಿ ಸೊಳ್ಳೆಗೆ ಒಂದೇ ಹೆಸರಿಲ್ಲ. ಮೈಸೂರು ಸೀಮೆಯವರಿಗೆ ಅದು ಸೊಳ್ಳೆ, ಕರಾವಳಿಯವರಿಗೆ ನುಸಿ, ಉತ್ತರ ಕರ್ನಾಟಕದ ಮಂದಿಗೆ ಗುಂಗಾಡು. ಈ ಮೂರು ಹೆಸರುಗಳೂ ಒಂದೇ ಕಟ್ಟಡದ ಮೆಟ್ಟಿಲುಗಳ ಮೇಲೆ ಎದುರುಬದುರಾಗುವುದು ಮುಂಬಯಿಯಂಥ ಊರಿನಲ್ಲಿ. ಉದ್ಯೋಗನಿಮಿತ್ತ ಬಾಂದ್ರಾ ಪೂರ್ವದಲ್ಲಿ ನೆಲೆಸಿರುವ ನಾವು ಮಳೆಗಾಲ ಬಂದಾಗಲೆಲ್ಲ ಕಾಣುವ ಒಂದು ನೋಟವಿದೆ. ಕನ್ನಡದ ಮನೆಗಳ ನಡುವೆ ಮನೆಮದ್ದುಗಳ ಕೊಡುಕೊಳ್ಳುವಿಕೆ ಆರಂಭವಾಗುತ್ತದೆ. ಊರಿಗೆ ಹೋಗಿ ಬಂದವರ ಚೀಲದಲ್ಲಿ ಲಕ್ಕಿ ಸೊಪ್ಪು ಬರುತ್ತದೆ, ಒಣಗಿದ ಬೇವಿನೆಲೆ ಬರುತ್ತದೆ, ಮಜ್ಜಿಗೆ ಹುಲ್ಲಿನ ಬುಡ ಕುಂಡದಲ್ಲಿ ನೆಲೆಯೂರುತ್ತದೆ. ಈ ಮದ್ದುಗಳ ಚರಿತ್ರೆಯನ್ನೂ ಈ ನಗರ ಸೊಳ್ಳೆಯೊಡನೆ ನಡೆಸಿದ ಹೋರಾಟದ ಚರಿತ್ರೆಯನ್ನೂ ಜೊತೆಗಿಟ್ಟು ನೋಡಿದರೆ, ಹೊರನಾಡಿನಲ್ಲಿರುವ ನಮಗೆ ಕೆಲವು ಸಂಗತಿಗಳು ಸ್ಪಷ್ಟವಾಗಬಹುದು.

ಹೊಗೆಯಿಂದ ಕೀಟವನ್ನು ಓಡಿಸುವ ಪದ್ಧತಿ ಬಹಳ ಹಳೆಯದು. ಸುಶ್ರುತ ಸಂಹಿತೆಯು ಗಾಯಾಳು ಮಲಗಿರುವ ಕೋಣೆಗೆ ಸಾಸಿವೆ, ಬೇವಿನೆಲೆ, ತುಪ್ಪ ಮತ್ತು ಉಪ್ಪು ಬೆರೆಸಿದ ಧೂಪ ಹಾಕಬೇಕೆಂದು ವಿಧಿಸುತ್ತದೆ. ಅದೇ ಗ್ರಂಥದ ಕಲ್ಪಸ್ಥಾನದಲ್ಲಿ ಮಶಕಗಳ ಐದು ಬಗೆಗಳ ಉಲ್ಲೇಖವೂ ಇದೆ. ಇಷ್ಟನ್ನೇ ಆಧಾರವಾಗಿಟ್ಟುಕೊಂಡು, ಸೊಳ್ಳೆಯಿಂದ ಮಲೇರಿಯಾ ಬರುವುದನ್ನು ನಮ್ಮ ಪೂರ್ವಿಕರು ಅರಿತಿದ್ದರೆಂದು ವಾದಿಸುವವರಿದ್ದಾರೆ. ಆದರೆ ಆ ಧೂಪ ರಾಕ್ಷಸರನ್ನು ದೂರವಿಡಲೆಂದು ಹಾಕಿದ್ದು. ಕಾರಣ ಬೇರೆಯಾಗಿದ್ದರೂ ಹೊಗೆಯ ಕೆಲಸ ಮಾತ್ರ ನಿಜ. ಸೊಳ್ಳೆ ನಮ್ಮನ್ನು ಹುಡುಕಿಕೊಂಡು ಬರುವುದು ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಬಿಸಿ ಮತ್ತು ಚರ್ಮದ ವಾಸನೆಗಳ ಜಾಡು ಹಿಡಿದು. ಹೊಗೆಯೂ ತೀಕ್ಷ್ಣವಾದ ಸಸ್ಯತೈಲಗಳೂ ಆ ಜಾಡನ್ನು ಕಲಕುತ್ತವೆ.

ನಮ್ಮ ನಾಡಿನಲ್ಲಿ ಈ ಜ್ಞಾನ ಸೀಮೆಸೀಮೆಗೆ ಬೇರೆಯಾಗಿ ಬೆಳೆಯಿತು. ಬಯಲುಸೀಮೆಯಲ್ಲಿ ಬೆರಣಿಯ ಕೆಂಡದ ಮೇಲೆ ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಕರಾವಳಿಯ ಕೊಟ್ಟಿಗೆಗಳಲ್ಲಿ ತೆಂಗಿನ ಸಿಪ್ಪೆಯ ಮೇಲೆ ಹಸಿ ಸೊಪ್ಪು ಹೇರಿ ಎಬ್ಬಿಸುವ ದಟ್ಟ ಹೊಗೆ. ಅದು ದನಕ್ಕೂ ದನ ಕಾಯುವವರಿಗೂ ಒಟ್ಟಿಗೆ ಸಲ್ಲುತ್ತಿತ್ತು. ಮಲೆನಾಡಿನಲ್ಲಿ ಸೊಳ್ಳೆಗಿಂತ ಇಂಬಳದ ಕಾಟವೇ ದೊಡ್ಡದು. ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ರಸ ಹಚ್ಚಿಕೊಂಡು ತೋಟಕ್ಕಿಳಿಯುವುದು ಅಲ್ಲಿಯ ರೂಢಿ. ಅದೇ ಮಲೆನಾಡಿನ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳತೊಡಗಿ, ಹಿಂದೆಯೇ ಮನುಷ್ಯರಿಗೂ ಜ್ವರ ಬಂದಾಗ, ಕಾಡಿನ ಉಣುಗು ರೋಗವನ್ನು ಹೊರುತ್ತದೆಂಬುದು ತಿಳಿದುಬಂತು. ಇಂದಿಗೂ ಆ ಭಾಗದಲ್ಲಿ ಕಾಡಿಗೆ ಹೋಗುವವರಿಗೆ ಮೈಗೆ ಸವರಿಕೊಳ್ಳಲು ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಹಂಚುತ್ತಾರೆ. ಕಾಡಿಗಿಳಿಯುವ ಮುನ್ನ ಕಾಲಿಗೆ ಏನನ್ನಾದರೂ ಸವರಿಕೊಳ್ಳುವ ಹಳೆಯ ರೂಢಿಯೇ ಇಲ್ಲಿ ಪ್ರಯೋಗಶಾಲೆಯ ಎಣ್ಣೆಯೊಡನೆ ಮುಂದುವರಿದಿದೆ.

ಈ ರೂಢಿಗಳನ್ನು ವಿಜ್ಞಾನ ಸಾರಾಸಗಟಾಗಿ ತಳ್ಳಿಹಾಕಿಲ್ಲ. 1993ರಲ್ಲಿ ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ವಿ. ಪಿ. ಶರ್ಮಾ ಮತ್ತು ಸಂಗಡಿಗರು ಕೊಬ್ಬರಿ ಎಣ್ಣೆಯಲ್ಲಿ ಶೇಕಡಾ 2ರಷ್ಟು ಬೇವಿನೆಣ್ಣೆ ಬೆರೆಸಿ ಮೈಗೆ ಹಚ್ಚಿ ನೋಡಿದರು. ಅನಾಫಿಲಿಸ್ ಸೊಳ್ಳೆಗಳ ಕಡಿತದಿಂದ ಅದು 12 ಗಂಟೆಗಳ ಕಾಲ ರಕ್ಷಣೆ ಕೊಟ್ಟಿತೆಂದು ವರದಿ ಮಾಡಿದರು. ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ ಮುಂತಾದವುಗಳ ಎಣ್ಣೆಯೂ ಕೆಲಸ ಮಾಡುತ್ತದೆ; ಆದರೆ ಬೇಗ ಆವಿಯಾಗುವುದರಿಂದ ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ. ಕುಂಡದಲ್ಲಿ ನೆಟ್ಟ ಗಿಡ ತನ್ನಷ್ಟಕ್ಕೆ ತಾನೇ ಸೊಳ್ಳೆಯನ್ನು ಓಡಿಸುವುದಿಲ್ಲ. ಎಲೆಯನ್ನು ಜಜ್ಜಿದರೆ ಮಾತ್ರ ಎಣ್ಣೆ ಹೊರಬರುತ್ತದೆ. ಕರ್ಪೂರವನ್ನು ಹಸುಗೂಸುಗಳ ಬಳಿ ಬಳಸಲೇಬಾರದು. ಮುಚ್ಚಿದ ಕೋಣೆಯ ಹೊಗೆ, ಅದು ಬೇವಿನದ್ದಾದರೂ ಸಾಂಬ್ರಾಣಿಯದ್ದಾದರೂ, ಎಳೆಯ ಮಕ್ಕಳ ಶ್ವಾಸಕೋಶಕ್ಕೆ ಹಿತವಲ್ಲ.

ಇಂದು ಮನೆಮನೆಯಲ್ಲಿರುವ ಸುರುಳಿ ಬತ್ತಿಯೂ ಹೊಗೆಯ ವಂಶದ್ದೇ. ಜಪಾನಿನಲ್ಲಿ ಉಎಯಾಮಾ ಎಂಬ ಉದ್ಯಮಿ ಸೇವಂತಿಗೆ ಜಾತಿಯ ಪೈರೆಥ್ರಮ್ ಹೂವಿನ ಪುಡಿಯಿಂದ 1890ರ ಸುಮಾರಿಗೆ ಊದುಬತ್ತಿಯಂಥ ಕಡ್ಡಿ ತಯಾರಿಸಿದರು. ಅದು ಬೇಗ ಉರಿದು ಮುಗಿಯುತ್ತಿತ್ತು. ಅದನ್ನು ಸುರುಳಿಯಾಗಿ ಸುತ್ತಿದರೆ ರಾತ್ರಿಯಿಡೀ ಉರಿಯುತ್ತದೆಂದು ಸೂಚಿಸಿದವರು ಅವರ ಪತ್ನಿ ಯೂಕಿ. ಸೊಳ್ಳೆಯ ವಿಷಯದಲ್ಲಿ ಮನೆ ನಡೆಸುವ ಹೆಂಗಸರ ಕಣ್ಣು ಎಷ್ಟು ಸೂಕ್ಷ್ಮವೆಂಬುದಕ್ಕೆ ಇದೂ ಒಂದು ಸಾಕ್ಷಿ.

ಇನ್ನು ಮುಂಬಯಿಯ ಕಥೆ. ಏಳು ದ್ವೀಪಗಳ ನಡುವಿನ ಜೌಗುನೆಲದಿಂದ ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಮಲೇರಿಯಾ ಎಂಬ ಪದದ ಅರ್ಥವೂ ಕೆಟ್ಟ ಗಾಳಿಯೆಂದೇ. ಆ ನಂಬಿಕೆಯನ್ನು ಮುರಿದ ರೊನಾಲ್ಡ್ ರಾಸ್‌ಗೆ ಮೊದಲ ಸುಳಿವು ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ಅಲ್ಲಿ ಸೇನಾ ವೈದ್ಯನಾಗಿದ್ದಾಗ, ತನ್ನ ಬಂಗಲೆಯ ಕಿಟಕಿಯ ಹೊರಗಿದ್ದ ತೊಟ್ಟಿಯ ನೀರಿನಲ್ಲಿ ಸೊಳ್ಳೆಮರಿಗಳು ತೇಲುವುದನ್ನು ಆತ ಕಂಡ. ತೊಟ್ಟಿಯನ್ನು ಬೋರಲು ಹಾಕಿದ ಮೇಲೆ ಕಾಟ ಕಡಿಮೆಯಾಯಿತು. ಹದಿನಾಲ್ಕು ವರ್ಷಗಳ ನಂತರ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಗುರುತಿಸಿದ.

ಆ ಹೊತ್ತಿಗೆ ಮುಂಬಯಿ ಇನ್ನೊಂದು ಕಚ್ಚುವ ಕೀಟದಿಂದ ತತ್ತರಿಸುತ್ತಿತ್ತು. 1896ರ ಪ್ಲೇಗಿಗೆ ಹೆದರಿ ಜನ ನಗರ ಬಿಟ್ಟು ಬಾಂದ್ರಾದತ್ತ ಬಂದರು. ಪ್ಲೇಗು ಅವರ ಬೆನ್ನುಹತ್ತಿ ಬಂತು. ಬಾಂದ್ರಾದ ಗಲ್ಲಿಗಳಲ್ಲಿ ಇಂದಿಗೂ ನಿಂತಿರುವ ಎಷ್ಟೋ ಶಿಲುಬೆಗಳು ಆ ಕಾಲದಲ್ಲಿ ರಕ್ಷಣೆ ಬೇಡಿ ನೆಟ್ಟವು. ಇಲಿಯ ಚಿಗಟವೇ ಪ್ಲೇಗನ್ನು ಹರಡುತ್ತದೆಂಬುದು ಖಚಿತವಾಗುವಷ್ಟರಲ್ಲಿ ಅಸಂಖ್ಯ ಜನ ಸತ್ತಿದ್ದರು.

ಮಲೇರಿಯಾದ ನಿಜವಾದ ನೆಲೆಯನ್ನು ನಗರಕ್ಕೆ ತೋರಿಸಿಕೊಟ್ಟದ್ದು 1911ರಲ್ಲಿ ಪ್ರಕಟವಾದ ಸಿ. ಎ. ಬೆಂಟ್ಲಿಯ ವರದಿ. ಮುಂಬಯಿಯ ಮಲೇರಿಯಾ ಜೌಗಿನಿಂದ ಬಂದದ್ದಲ್ಲ. ಮನೆಮನೆಯ ಬಾವಿ ಮತ್ತು ತೊಟ್ಟಿಗಳಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆಯೇ ಅದರ ವಾಹಕವೆಂದು ಆ ವರದಿ ಸಾರಿತು. ಈ ಸೊಳ್ಳೆಗೆ ಬೇಕಾದದ್ದು ಚರಂಡಿಯ ಕೊಳಕಲ್ಲ, ಕುಡಿಯಲು ಯೋಗ್ಯವಾದ ತಿಳಿನೀರು. ಬಾವಿಗಳನ್ನು ಹೂಳಬೇಕು, ಇಲ್ಲವೇ ಭದ್ರವಾಗಿ ಮುಚ್ಚಬೇಕೆಂದು ಆಡಳಿತ ಹೊರಟಾಗ ಪಾರ್ಸಿಗಳೂ ಹಿಂದೂಗಳೂ ವಿರೋಧಿಸಿದರು. ಅವರಿಗೆ ಬಾವಿಯ ನೀರು ಪೂಜೆಗೆ ಸಲ್ಲುವ ನೀರು. ಕಡೆಗೆ ಕೆಲವೆಡೆ ಬಾವಿಗೆ ಮುಚ್ಚಳ ಹಾಕಿ, ನೀರು ಸೇದಲು ಸೊಳ್ಳೆ ನುಸುಳದಂತಹ ಬಾಗಿಲನ್ನಿಡುವ ರಾಜಿಯಾಯಿತು. 1928ರಲ್ಲಿ ಗಾರ್ಡನ್ ಕೋವೆಲ್ ನಗರದ ಮಲೇರಿಯಾ ಕುರಿತು ಮತ್ತೊಂದು ವರದಿ ಸಲ್ಲಿಸಿದಾಗಲೂ ಪ್ರಶ್ನೆ ಬಾವಿ ಮತ್ತು ತೊಟ್ಟಿಗಳದ್ದೇ ಆಗಿತ್ತು.

1876ರಿಂದ ತನ್ನದೇ ಪುರಸಭೆ ಹೊಂದಿದ್ದ ಬಾಂದ್ರಾ 1950ರಲ್ಲಿ ಬೃಹನ್ಮುಂಬಯಿಯೊಳಗೆ ಸೇರಿತು. ಪೂರ್ವದಲ್ಲಿ ಮಿಠಿ ನದಿಯ ಬದಿಯ ಜೌಗುನೆಲದ ಮೇಲೆ ಇಂದು ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳೆದ್ದಿವೆ. ಜೌಗು ಮುಚ್ಚಿಹೋಯಿತೆಂದು ಸೊಳ್ಳೆ ಹೋಗಲಿಲ್ಲ. ತಾರಸಿಯ ಟ್ಯಾಂಕಿಗೆ, ಹೂಕುಂಡದ ತಟ್ಟೆಗೆ, ನಿರ್ಮಾಣದ ಹಂತದಲ್ಲಿರುವ ಕಟ್ಟಡದ ಗುಂಡಿಗೆ ಬಂದು ಸೇರಿತು. 2010ರ ಮಳೆಗಾಲದಲ್ಲಿ ಮಲೇರಿಯಾ ಮತ್ತೆ ಹೆಡೆಯೆತ್ತಿತು. ಆ ವರ್ಷ ಮುಂಬಯಿಯಲ್ಲಿ ನೂರಕ್ಕೂ ಹೆಚ್ಚು ಜನ ಅದಕ್ಕೆ ಬಲಿಯಾದರು. ಅದರ ಜೊತೆಗೆ ಡೆಂಗ್ಯೂ ಬಂದಿದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಮುಸ್ಸಂಜೆ ದೀಪ ಹಚ್ಚಿದ ಮೇಲೆ ಹಾಕುವ ನಮ್ಮ ಧೂಪ, ಅಂಗಡಿಯಿಂದ ಅಂಗಡಿಗೆ ಲೋಬಾನ ಹಿಡಿದು ಬರುವ ಫಕೀರರ ಧೂಪ, ಇವೆರಡೂ ಅದನ್ನು ತಲುಪುವುದೇ ಇಲ್ಲ.

ಎರಡು ವರ್ಷಗಳ ಹಿಂದೆ ನಮ್ಮ ವಸತಿ ಸಮುಚ್ಚಯದಲ್ಲಿ ಮೂರು ಮನೆಗಳಲ್ಲಿ ಒಂದೇ ತಿಂಗಳು ಡೆಂಗ್ಯೂ ಕಾಣಿಸಿಕೊಂಡಿತು. ಅವುಗಳಲ್ಲಿ ಒಂದು, ಪ್ರತಿ ಸಂಜೆ ಬೇವಿನೆಣ್ಣೆಯ ದೀಪ ತಪ್ಪದೆ ಉರಿಯುವ ಕನ್ನಡದ ಮನೆ. ಆ ಮನೆಯ ಏಳು ವರ್ಷದ ಹುಡುಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದಳು. ನಗರಪಾಲಿಕೆಯ ಕೀಟನಾಶಕ ವಿಭಾಗದವರು ಬಂದು ಹುಡುಕಿದಾಗ ಸೊಳ್ಳೆಮರಿಗಳು ಸಿಕ್ಕಿದ್ದು ತಾರಸಿಯಲ್ಲಿ, ಯಾರದೂ ಅಲ್ಲದ ಎರಡು ಹಳೆಯ ಡ್ರಮ್ಮುಗಳಲ್ಲಿ. ದೀಪ ಹಚ್ಚಿದ ತಾಯಿಯದ್ದು ಏನೂ ತಪ್ಪಿರಲಿಲ್ಲ. ದೀಪದ ಶಕ್ತಿ ಆ ಮನೆಯ ಹೊಸ್ತಿಲಿಗೆ ಮುಗಿಯುತ್ತಿತ್ತು, ಅಷ್ಟೆ.

ಮನೆಮದ್ದಿನ ಚರಿತ್ರೆ ನಮಗೆ ಹೇಳುವ ಮಾತು ಇದೇ ಎಂದು ನಾವು ತಿಳಿದಿದ್ದೇವೆ. ಹೊಗೆ ಸೊಳ್ಳೆಯನ್ನು ಕೊಲ್ಲುವುದಿಲ್ಲ, ಪಕ್ಕದ ಮನೆಗೆ ಕಳುಹಿಸುತ್ತದೆ. ತೋಟದ ನಡುವಿನ ಒಂಟಿ ಮನೆಗೆ ಅದು ಸಾಕಾಗುತ್ತಿತ್ತು. ಒಂದು ಗೋಡೆಯ ಆಚೆ ಇನ್ನೊಂದು ಮನೆಯಿರುವ ಊರಿನಲ್ಲಿ ಸಾಲದು. ಇಲ್ಲಿ ಕಾಯಬೇಕಾದದ್ದು ನೀರನ್ನು. ದಿನಕ್ಕೆ ಕೆಲವೇ ಗಂಟೆ ನಲ್ಲಿಯಲ್ಲಿ ನೀರು ಬರುವ ಗುಡಿಸಲುಗಳಲ್ಲಿ ನೀರು ಹಿಡಿದಿಡದೆ ಬದುಕಿಲ್ಲ. ಅವರಿಗೆ ಬೇಕಾದದ್ದು ದಂಡದ ಚೀಟಿಯಲ್ಲ, ಬಿಗಿಯಾದ ಮುಚ್ಚಳವಿರುವ ಡ್ರಮ್ಮು.

ನೀರು ಕಾಯುವ ವಿದ್ಯೆಯೂ ನಮ್ಮ ಮನೆಮದ್ದುಗಳಲ್ಲೇ ಇತ್ತು. ಊರು ಬಿಟ್ಟು ಬರುವಾಗ ಹೊಗೆಯನ್ನು ಕಟ್ಟಿಕೊಂಡು ಬಂದೆವು, ಇದನ್ನು ಬಿಟ್ಟು ಬಂದೆವು. ಕೊಡಕ್ಕೆ ಬಟ್ಟೆ ಕಟ್ಟುವುದು, ಹುಣಿಸೆಹಣ್ಣು ಬೂದಿ ಹಾಕಿ ತಾಮ್ರದ ಹಂಡೆಯನ್ನು ಉಜ್ಜುವುದು ನಮ್ಮ ಅಜ್ಜಿಯರ ನಿತ್ಯದ ಕೆಲಸವಾಗಿತ್ತು. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬ. ಹಂಡೆಯನ್ನು ಬರಿದು ಮಾಡಿ, ತಿಕ್ಕಿ, ತೊಳೆದು, ಹೊಸ ನೀರು ತುಂಬುವ ಆ ಆಚರಣೆ ಸೊಳ್ಳೆಗಾಗಿ ಹುಟ್ಟಿದ್ದಲ್ಲ ನಿಜ. ಆದರೆ ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಈಡಿಸ್‌ನ ಮೊಟ್ಟೆಗಳು ಪಾತ್ರೆಯ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಹೀಗಾಗಿ ನೀರು ಚೆಲ್ಲಿದರಷ್ಟೇ ಸಾಲದು, ತಿಕ್ಕಬೇಕು. ಅಜ್ಜಿಯರ ಕೈ ಮಾಡುತ್ತಿದ್ದುದೂ ಅದನ್ನೇ.

ಸಂಜೆಯ ಬೇವಿನ ದೀಪವನ್ನು ಆರಿಸಬೇಕಿಲ್ಲ. ಆದರೆ ಮಳೆಗಾಲದ ನಾಲ್ಕು ತಿಂಗಳು ವಾರಕ್ಕೊಂದು ಭಾನುವಾರ ತಾರಸಿ ಹತ್ತಿ, ಯಾರದೂ ಅಲ್ಲದ ಡ್ರಮ್ಮನ್ನು ನಮ್ಮದೆಂದು ತಿಳಿದು ಬೋರಲು ಹಾಕೋಣ. ನೀರು ತುಂಬುವ ಹಬ್ಬ ಹೊರನಾಡಿನಲ್ಲಿ ವರ್ಷಕ್ಕೊಮ್ಮೆ ಬಂದರೆ ಸಾಲದು.